ಅರಬ್ ಸಂಗೀತ ಪರಂಪರೆ ಮತ್ತು ಯಹೂದಿ ಕಲಾವಿದರು

ಇರಾಕ್‌ನಿಂದ ಮೊರಾಕ್ಕೊವರೆಗಿನ ಅರಬ್ಬಿ ಮಾತಿನ ನಾಡುಗಳಲ್ಲಿ ಹುಟ್ಟಿ ಬೆಳೆದ ಯಹೂದಿ ಗಾಯಕರು, ವಾದಕರು ಮತ್ತು ಸ್ವರ ಸಂಯೋಜಕರು ಅಲ್ಲಿನ ಶಾಸ್ತ್ರೀಯ ಹಾಗೂ ಜನಪ್ರಿಯ ಸಂಗೀತವನ್ನು ಮುಸ್ಲಿಮ್ ಮತ್ತು ಕ್ರೈಸ್ತ ಕಲಾವಿದರೊಡನೆ ಕೂಡಿ ಕಟ್ಟಿದರು. ಈ ಸಹಬಾಳ್ವೆ ಒಂದು ಸಾವಿರ ವರ್ಷಕ್ಕೂ ಹಳೆಯದು. ಅದು ಕಡಿದುಹೋದದ್ದು 1948ರಿಂದ 1960ರ ದಶಕದ ಕೊನೆಯವರೆಗಿನ ಇಪ್ಪತ್ತೇ ವರ್ಷಗಳಲ್ಲಿ. ಈ ವಿಷಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ‘ಅರಬ್ ಸಂಗೀತಕ್ಕೆ ಯಹೂದಿಗಳ ಕೊಡುಗೆ’ ಎನ್ನುತ್ತಾರೆ. ಆ ಮಾತು ಇಲ್ಲಿ ಹೊಂದುವುದಿಲ್ಲ. ಮನೆಯವರು ತಮ್ಮ ಮನೆಗೆ ಕೊಡುಗೆ ಕೊಡುವುದಿಲ್ಲ, ಅಲ್ಲಿ ಬಾಳುತ್ತಾರೆ. ಬಗ್ದಾದ್, ಕೈರೋ, ಅಲೆಪ್ಪೊ, ಕಾನ್‌ಸ್ಟಂಟೈನ್, ಫೆಜ್ ನಗರಗಳ ಯಹೂದಿ ಕಲಾವಿದರಿಗೆ ಅರಬ್ಬಿ ತಾಯ್ನುಡಿಯಾಗಿತ್ತು, ಆ ಊರಿನ ಸಂಗೀತವೇ ತಮ್ಮ ಸಂಗೀತವಾಗಿತ್ತು.

ಹಿನ್ನೆಲೆ

ಕಾರ್ಡೊಬಾದ ಅಮೀರ ಅಲ್-ಹಕಮ್‌ನ ಆಸ್ಥಾನದಲ್ಲಿ ಮನ್ಸೂರ್ ಅಲ್-ಯಹೂದಿ ಎಂಬ ಸಂಗೀತಗಾರನಿದ್ದ. ಬಗ್ದಾದ್ ತೊರೆದು ಪಶ್ಚಿಮಕ್ಕೆ ಬಂದ ಮಹಾಗಾಯಕ ಜಿರ್ಯಾಬ್‌ನನ್ನು 822ರಲ್ಲಿ ಸ್ಪೇನಿನ ಕಡಲ ತೀರದಲ್ಲಿ ಎದುರುಗೊಂಡವನು ಇವನೇ. ಅಷ್ಟರಲ್ಲಿ ಅಮೀರ ತೀರಿಕೊಂಡ ಸುದ್ದಿ ಬಂತು. ಬಂದ ದಾರಿಯಲ್ಲೇ ಹಿಂದಿರುಗಲು ಹೊರಟ ಜಿರ್ಯಾಬ್‌ನನ್ನು ತಡೆದು, ಹೊಸ ಅಮೀರನ ಬಳಿಗೆ ಹೋಗುವಂತೆ ಮನ್ಸೂರ್ ಒಪ್ಪಿಸಿದ ಎಂದು 17ನೆಯ ಶತಮಾನದ ಇತಿಹಾಸಕಾರ ಅಲ್-ಮಕ್ಕರಿ ಬರೆದಿದ್ದಾನೆ. ಉತ್ತರ ಆಫ್ರಿಕಾದ ಆಂದಲೂಸಿ ಸಂಗೀತ ಪರಂಪರೆಗಳೆಲ್ಲ ಇಂದಿಗೂ ತಮ್ಮ ಮೂಲಪುರುಷ ಎಂದು ಹೇಳಿಕೊಳ್ಳುವುದು ಈ ಜಿರ್ಯಾಬ್‌ನನ್ನು.

ಕೊಡುಕೊಳ್ಳುವಿಕೆ ಶಾಸ್ತ್ರದಲ್ಲೂ ನಡೆಯಿತು. ಬಗ್ದಾದ್‌ನಲ್ಲಿ ಬಾಳಿದ ಯಹೂದಿ ಪಂಡಿತ ಸಾದಿಯಾ ಗಾಓನ್ 933ರಲ್ಲಿ ಅರಬ್ಬಿಯಲ್ಲಿ ಬರೆದ ತತ್ತ್ವಗ್ರಂಥದ ಕೊನೆಯಲ್ಲಿ ಎಂಟು ಬಗೆಯ ಲಯಗಳನ್ನೂ ಅವು ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನೂ ವಿವರಿಸಿದ್ದಾನೆ. ಆ ವಿಚಾರದ ಬೇರು ಅರಬ್ ತತ್ತ್ವಜ್ಞಾನಿ ಅಲ್-ಕಿಂದಿಯ ಬರಹಗಳಲ್ಲಿದೆ. ಸಾದಿಯಾನ ಶಿಷ್ಯ, ಫೆಜ್ ಮೂಲದ ದುನಾಶ್ ಬೆನ್ ಲಬ್ರಾತ್ ಅರಬ್ಬಿ ಛಂದಸ್ಸನ್ನು ಹೀಬ್ರೂ ಕಾವ್ಯಕ್ಕೆ ತಂದ. ಹಳೆಯ ಹೀಬ್ರೂ ಸ್ತೋತ್ರಗಳು ಅರಬ್ಬಿ ಮಟ್ಟುಗಳಿಗೆ ಅಷ್ಟು ಸಲೀಸಾಗಿ ಹೊಂದಿಕೊಳ್ಳಲು ಈ ಛಂದಸ್ಸೂ ಒಂದು ಕಾರಣ. ಈ ಲೋಕದ ಒಂದು ಎಳೆ ನಮ್ಮ ಕರಾವಳಿಗೂ ಬಂದಿತ್ತು. ಟ್ಯುನೀಶಿಯಾದ ಮಹ್ದಿಯಾ ಮೂಲದ ವ್ಯಾಪಾರಿ ಅಬ್ರಹಾಮ್ ಬೆನ್ ಯೀಜು 12ನೆಯ ಶತಮಾನದಲ್ಲಿ ಸುಮಾರು ಹದಿನೇಳು ವರ್ಷ ಮಂಗಳೂರಿನ ಸೀಮೆಯಲ್ಲಿ ನೆಲೆಸಿದ್ದ. ಕೈರೋದ ಹಳೆಯ ಸಿನಗಾಗಿನಲ್ಲಿ ಸಿಕ್ಕ ಅವನ ಕಾಗದಪತ್ರಗಳಲ್ಲಿ ಲಿಪಿ ಹೀಬ್ರೂ, ಮಾತು ಅರಬ್ಬಿ. ಬಿಡುವಿನಲ್ಲಿ ಅವನು ಹೀಬ್ರೂ ಪದ್ಯಗಳನ್ನೂ ಕಟ್ಟುತ್ತಿದ್ದ.

ಅರಬ್ ಸಂಗೀತದ ತಳಹದಿ ಮಕಾಮ್. ನಮ್ಮ ರಾಗದ ಹಾಗೆ ಮಕಾಮ್‌ಗೂ ತನ್ನದೇ ಸ್ವರಸಮೂಹ, ಸಂಚಾರ, ನಿಲ್ಲುವ ತಾಣ ಮತ್ತು ಭಾವ ಇವೆ. ಪಿಯಾನೋದ ಎರಡು ಮನೆಗಳ ನಡುವೆ ಅಡಗಿದ ಸ್ವರಗಳೇ ಹಲವು ಮಕಾಮ್‌ಗಳ ಜೀವ. ಇದನ್ನು ಪುಸ್ತಕದಿಂದ ಕಲಿಯಲು ಬರುವುದಿಲ್ಲ. ಗುರುವಿನ ಎದುರು ಕೂತು ಕೇಳಿಯೇ ಕಲಿಯಬೇಕು. ಗುರು ಮುಸ್ಲಿಮನಾಗಿ ಶಿಷ್ಯ ಯಹೂದಿಯಾಗಿರುವುದು, ಅಥವಾ ಅದರ ತಿರುವುಮುರುವು, ಈ ಚರಿತ್ರೆಯುದ್ದಕ್ಕೂ ಕಾಣುವ ಸಾಮಾನ್ಯ ಸಂಗತಿ.

ಇಷ್ಟೊಂದು ಯಹೂದಿಗಳು ವಾದ್ಯವನ್ನೇ ಏಕೆ ಹಿಡಿದರು? ವಾದ್ಯಸಂಗೀತದ ಬಗ್ಗೆ ಇಸ್ಲಾಮಿನ ಹಲವು ಧರ್ಮಶಾಸ್ತ್ರಜ್ಞರಿಗೆ ಅನುಮಾನವಿತ್ತು. ಕುರಾನ್ ಪಠಣದಲ್ಲಿ ಪಳಗಿದ ಗಾಯಕನಿಗೆ ಗೌರವ ಸಿಗುತ್ತಿತ್ತು, ಹಣಕ್ಕಾಗಿ ಮದುವೆಮನೆಯಲ್ಲಿ ತಂತಿ ಮೀಟುವವನಿಗೆ ಸಿಗುತ್ತಿರಲಿಲ್ಲ. ಹೀಗೆ ತೆರವಾದ ಕಸುಬನ್ನು ಕೆಲವು ಯಹೂದಿ ಮನೆತನಗಳು ಹಿಡಿದು, ತಂದೆಯಿಂದ ಮಗನಿಗೆ ದಾಟಿಸುತ್ತ ಬಂದವು. ಯಹೂದಿ ಸಮಾಜದೊಳಗೂ ಈ ಕಸುಬಿಗೆ ದೊಡ್ಡ ಮರ್ಯಾದೆಯೇನೂ ಇರಲಿಲ್ಲ ಎಂಬುದನ್ನು ಮರೆಯಬಾರದು.

ಬಗ್ದಾದ್

20ನೆಯ ಶತಮಾನದ ಆರಂಭದಲ್ಲಿ ಬಗ್ದಾದ್ ನಗರದ ಜನರಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು, ಕೆಲವು ಲೆಕ್ಕಗಳ ಪ್ರಕಾರ ಇನ್ನೂ ಹೆಚ್ಚು, ಯಹೂದಿಗಳಾಗಿದ್ದರು. ಊರಿನ ಹೆಮ್ಮೆ ‘ಇರಾಕಿ ಮಕಾಮ್’. ಇಲ್ಲಿ ಮಕಾಮ್ ಎಂದರೆ ಸ್ವರಸಮೂಹವಷ್ಟೇ ಆಗಿರದೆ, ಆಲಾಪದಂಥ ಆರಂಭ, ನಡುವಿನ ತಾರಸ್ಥಾಯಿಯ ಏರಿಕೆ, ನಿಗದಿಯಾದ ಮುಕ್ತಾಯ ಎಲ್ಲವನ್ನೂ ಒಳಗೊಂಡ ಒಂದು ಪೂರ್ಣ ಗಾಯನ ರೂಪ. ಗಂಭೀರ ಗಾಯನ ಮುಗಿದ ಮೇಲೆ ಕೇಳುಗರ ಮನಸ್ಸು ಹಗುರವಾಗಲೆಂದು ‘ಪೆಸ್ತೆ’ ಎಂಬ ಚುರುಕು ಹಾಡು ಬರುತ್ತದೆ. ಇದಕ್ಕೆ ಪಕ್ಕವಾದ್ಯ ನುಡಿಸುವ ಮೇಳದ ಹೆಸರು ‘ಚಾಲ್ಗಿ ಬಗ್ದಾದ್’: ಸಂತೂರ್, ಜೋಜಾ ಮತ್ತು ತಾಳವಾದ್ಯಗಳು. ಗಾಯಕರು ಬಹುಪಾಲು ಮುಸ್ಲಿಮರು, ಮೇಳದವರು ಬಹುಪಾಲು ಯಹೂದಿಗಳು.

ಇವುಗಳಲ್ಲಿ ಜೋಜಾ ನಮ್ಮ ಗಮನ ಸೆಳೆಯಬೇಕಾದ ವಾದ್ಯ. ತೆಂಗಿನಕಾಯಿಗೆ ಅರಬ್ಬಿಯಲ್ಲಿ ‘ಜೌಜ್ ಅಲ್-ಹಿಂದ್’, ಅಂದರೆ ಹಿಂದೂಸ್ತಾನದ ಕಾಯಿ, ಎಂದು ಹೆಸರು. ತೆಂಗಿನ ಕರಟವೇ ಜೋಜಾದ ಬುರುಡೆ. ಅದಕ್ಕೆ ತೆಳು ಚರ್ಮ ಬಿಗಿದು, ನಾಲ್ಕು ತಂತಿ ಕಟ್ಟಿ, ಕಮಾನಿನಿಂದ ನುಡಿಸುತ್ತಾರೆ. ಖರ್ಜೂರದ ನಾಡಾದ ಬಗ್ದಾದ್‌ಗೆ ಆ ಕರಟ ಬಂದದ್ದು ಕಡಲ ವ್ಯಾಪಾರದ ದಾರಿಯಲ್ಲಿ.

1932ರಲ್ಲಿ ಈಜಿಪ್ಟಿನ ದೊರೆ ಫುಆದ್ ಕೈರೋದಲ್ಲಿ ಅರಬ್ ಸಂಗೀತದ ಮಹಾ ಸಮ್ಮೇಳನ ಕರೆದ. ಹಂಗೇರಿಯ ಬೇಲಾ ಬಾರ್ಟಾಕ್, ಜರ್ಮನಿಯ ಪೌಲ್ ಹಿಂಡೆಮಿತ್, ಕುರ್ಟ್ ಸಾಕ್ಸ್, ರಾಬರ್ಟ್ ಲಾಖ್‌ಮನ್ ಅವರಂಥ ಘಟಾನುಘಟಿಗಳು ಕೇಳಲು ಬಂದಿದ್ದರು. ಇರಾಕ್‌ನಿಂದ ಹೋದ ತಂಡದ ಗಾಯಕ ಮುಹಮ್ಮದ್ ಅಲ್-ಕುಬ್ಬಂಜಿ. ಅವರ ಹಿಂದೆ ಕೂತ ಊದ್ (ಮೀಟುವ ತಂತಿವಾದ್ಯ) ವಾದಕ ಅಜೂರಿ ಹಾರೂನ್, ಕಾನೂನ್ (ಹಲವು ತಂತಿಗಳ ವಾದ್ಯ) ವಾದಕ ಯೂಸುಫ್ ಜಅರೂರ್, ಸಂತೂರ್ ವಾದಕ ಯೂಸುಫ್ ಪತಾವ್, ಜೋಜಾ ವಾದಕ ಸಾಲಿಹ್ ಶುಮ್ಮಯೀಲ್, ಎಲ್ಲರೂ ಯಹೂದಿಗಳು. ತನ್ನ ನಾಡಿನ ಸಂಗೀತವನ್ನು ಜಗತ್ತಿನ ಎದುರು ತೋರಿಸಬೇಕಾದಾಗ ಇರಾಕ್ ಕಳಿಸಿದ್ದು ಇವರನ್ನು. ಆಗ ಅದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ ಎನ್ನುವುದೇ ಇಂದು ನಮಗೆ ಕಾಣುವ ವಿಶೇಷ. ಅಲ್ಲಿ ಮಾಡಿಕೊಂಡ ಧ್ವನಿಮುದ್ರಣಗಳು ಉಳಿದಿವೆ. 2015ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಸಂಗ್ರಹದಿಂದ ಸಮ್ಮೇಳನದ ಸಂಗೀತ 18 ಸಿ.ಡಿ.ಗಳಲ್ಲಿ ಹೊರಬಂತು. ಅಜೂರಿ ಹಾರೂನ್ 1934ರಲ್ಲಿ ಜೆರುಸಲೇಮಿಗೆ ಹೋಗಿ ಎಜ್ರಾ ಅಹರೋನ್ ಎಂಬ ಹೆಸರಿನಲ್ಲಿ ಅಲ್ಲಿನ ರೇಡಿಯೊದಲ್ಲಿ ನುಡಿಸಿದರು.

ಆಧುನಿಕ ಇರಾಕಿ ಹಾಡಿನ ಚರಿತ್ರೆಯಲ್ಲಿ ಮೊದಲು ಹೇಳಬೇಕಾದ ಹೆಸರು ಅಲ್-ಕುವೈತಿ ಸೋದರರದು. ಸಾಲಿಹ್ (1908–1986) ಪಿಟೀಲು ಮತ್ತು ಸ್ವರ ಸಂಯೋಜನೆ, ತಮ್ಮ ದಾವೂದ್ (1910–1976) ಊದ್ ಮತ್ತು ಗಾಯನ. ಬಸ್ರಾ ಮೂಲದ ಕುಟುಂಬ, ಹುಟ್ಟಿದ್ದು ಕುವೈತಿನಲ್ಲಿ. ವ್ಯಾಪಾರಕ್ಕೆಂದು ಭಾರತಕ್ಕೆ ಹೋಗಿ ಬಂದ ಚಿಕ್ಕಪ್ಪ ಹುಡುಗರಿಗೆ ಒಂದು ಪಿಟೀಲನ್ನೂ ಒಂದು ಊದನ್ನೂ ಉಡುಗೊರೆ ತಂದುಕೊಟ್ಟರೆಂದೂ, ಎಲ್ಲವೂ ಅಲ್ಲಿಂದ ಶುರುವಾಯಿತೆಂದೂ ಹೇಳುತ್ತಾರೆ. ಬಗ್ದಾದ್‌ಗೆ ಬಂದ ಸಾಲಿಹ್ ಹಳೆಯ ಮಕಾಮ್‌ನ ಸತ್ವವನ್ನು ಉಳಿಸಿಕೊಂಡೇ ಚಿಕ್ಕ, ಮನಸ್ಸಿಗೆ ನಾಟುವ ಹೊಸ ಹಾಡುಗಳನ್ನು ಕಟ್ಟಿದರು. ಗಾಯಕಿ ಸಲೀಮಾ ಮುರಾದ್‌ಗೆ ಅವರು ಮಾಡಿಕೊಟ್ಟ ಒಂದು ಹಾಡನ್ನು 1932ರಲ್ಲಿ ಬಗ್ದಾದ್‌ಗೆ ಬಂದಿದ್ದ ಈಜಿಪ್ಟಿನ ಮಹಾಗಾಯಕಿ ಉಮ್ಮ್ ಕುಲ್ಸೂಮ್ ಕೇಳಿ ಮೆಚ್ಚಿ ತಾವೂ ಹಾಡಿದರು. ಈಜಿಪ್ಟಿನ ಮೇರು ಸಂಯೋಜಕ ಮುಹಮ್ಮದ್ ಅಬ್ದುಲ್ ವಹಾಬ್ ಇರಾಕಿನ ವಿಶಿಷ್ಟ ‘ಲಾಮಿ’ ಮಕಾಮ್‌ನ ಪರಿಚಯ ಮಾಡಿಕೊಂಡದ್ದು ಸಾಲಿಹ್ ಅವರಿಂದ. 1936ರಲ್ಲಿ ಬಗ್ದಾದ್ ರೇಡಿಯೊ ಆರಂಭವಾದಾಗ ಅದರ ವಾದ್ಯಮೇಳದ ಹೊಣೆ ಸಾಲಿಹ್ ಹೆಗಲಿಗೆ ಬಂತು. ಆ ಕಾಲದ ಹಲವು ವಾದಕರನ್ನು ತಯಾರು ಮಾಡಿದ್ದು ಬಗ್ದಾದ್‌ನ ಯಹೂದಿ ಅಂಧರ ಶಾಲೆ.

ಸಲೀಮಾ ಮುರಾದ್ ಸ್ವತಃ ಯಹೂದಿ. ‘ಪಾಷಾ’ ಎಂಬ ಬಿರುದಿನಿಂದಲೇ ಜನ ಅವರನ್ನು ಕರೆಯುತ್ತಿದ್ದರು. ತಮಗಿಂತ ಕಿರಿಯನಾದ ಮುಸ್ಲಿಮ್ ಗಾಯಕ ನಾಜಿಮ್ ಅಲ್-ಗಜಾಲಿಯನ್ನು ಮದುವೆಯಾದರು. ಬಂಧುಬಳಗವೆಲ್ಲ ದೇಶ ಬಿಟ್ಟರೂ ಆಕೆ ಬಿಡಲಿಲ್ಲ. 1963ರಲ್ಲಿ ಗಂಡನನ್ನು ಕಳೆದುಕೊಂಡು, 1974ರಲ್ಲಿ ಬಗ್ದಾದ್‌ನಲ್ಲೇ ಕಣ್ಣುಮುಚ್ಚಿದರು.

1941ರ ಜೂನ್ 1 ಮತ್ತು 2ರಂದು ಬಗ್ದಾದ್‌ನಲ್ಲಿ ನಡೆದ ‘ಫರ್ಹೂದ್’ ಎಂಬ ಯಹೂದಿಗಳ ಹತ್ಯಾಕಾಂಡ ನಂಬಿಕೆಯ ಬುಡ ಅಲುಗಿಸಿತು. 1950–51ರಲ್ಲಿ ಸುಮಾರು 1,20,000 ಯಹೂದಿಗಳು ಪೌರತ್ವ ಕಳೆದುಕೊಂಡು ಇಸ್ರೇಲಿಗೆ ವಿಮಾನ ಹತ್ತಿದರು. ಅವರೊಂದಿಗೆ ಚಾಲ್ಗಿ ಮೇಳಗಳೂ ಹೋದವು. ಸಂತೂರ್ ವಾದಕ ಹಾಶಿಮ್ ಅಲ್-ರಜಬ್ ಮತ್ತು ಜೋಜಾ ವಾದಕ ಶಅಬಿ ಇಬ್ರಾಹಿಮ್, ಇಬ್ಬರೂ ಮುಸ್ಲಿಮರು, ಹೊರಟುಹೋಗುತ್ತಿದ್ದ ಹಿರಿಯರ ವಿದ್ಯೆ ಕಲಿತು ಉಳಿಸಿಕೊಂಡದ್ದರಿಂದ ಎಳೆ ಪೂರ್ತಿ ಕಡಿಯಲಿಲ್ಲ. ಇರಾಕಿ ಮಕಾಮ್ 2008ರಿಂದ ಯುನೆಸ್ಕೊದ ಪರಂಪರೆಯ ಪಟ್ಟಿಯಲ್ಲಿದೆ.

ಕೈರೋ

ಈಜಿಪ್ಟಿನ ಕಥೆ ಬೇರೆ. ಇಲ್ಲಿ ಯಹೂದಿಗಳು ಪಕ್ಕವಾದ್ಯಕ್ಕೆ ನಿಲ್ಲದೆ ಸಂಯೋಜನೆ, ರಂಗಭೂಮಿ, ಬೆಳ್ಳಿತೆರೆಗಳಲ್ಲಿ ಮುಂದಿನ ಸಾಲಿಗೆ ಬಂದರು. ಯಹೂದಿಗಳ ಕರಾಯಿಟ್ ಪಂಗಡದ ದಾವೂದ್ ಹುಸ್ನಿ (1870–1937) ‘ದೌರ್’ ಎಂಬ ಕಠಿಣ ಗಾಯನ ರೂಪದ ಮಹಾ ಸಂಯೋಜಕ. ಸಂಯೋಜಕ ಸಯ್ಯದ್ ದರ್ವೀಶ್ ಅಕಾಲದಲ್ಲಿ ತೀರಿಕೊಂಡಾಗ ಅವರ ಅಪೂರ್ಣ ಗೀತನಾಟಕ ‘ಹುದಾ’ವನ್ನು ಮುಗಿಸಿದವರು ಹುಸ್ನಿ. ಎಳೆಯ ಉಮ್ಮ್ ಕುಲ್ಸೂಮ್‌ಗೆ ಹಾಡು ಕಟ್ಟಿಕೊಟ್ಟರು. ಸಿರಿಯಾದ ದ್ರೂಜ್ ಮನೆತನದ ಹುಡುಗಿ ಅಮಲ್ ಅಲ್-ಅತ್ರಶ್‌ಗೆ ‘ಅಸ್ಮಹಾನ್’ ಎಂಬ ಹೆಸರಿಟ್ಟವರೂ ಅವರೇ. ಅರಬ್ ಜಗತ್ತು ಇಂದಿಗೂ ಆ ಗಾಯಕಿಯನ್ನು ಕರೆಯುವುದು ಹಾಗೆಯೇ.

ಗಾಯಕ ಜಕಿ ಮುರಾದ್‌ರ ಮಗಳು ಲೈಲಾ ಮುರಾದ್ (1918–1995) ಈಜಿಪ್ಟಿನ ಚಿತ್ರರಂಗದ ಅತಿ ದೊಡ್ಡ ತಾರೆಗಳಲ್ಲಿ ಒಬ್ಬರು. (ಇರಾಕಿನ ಸಲೀಮಾ ಮುರಾದ್‌ಗೂ ಈ ಮನೆತನಕ್ಕೂ ಸಂಬಂಧವಿಲ್ಲ.) 1938ರಲ್ಲಿ ಅಬ್ದುಲ್ ವಹಾಬ್ ಎದುರು ನಾಯಕಿಯಾಗಿ ಬಂದ ಆಕೆ, 1949ರ ‘ಗಜಲ್ ಅಲ್-ಬನಾತ್’ ಹೊತ್ತಿಗೆ ಮನೆಮಾತಾಗಿದ್ದರು. ನಟ, ನಿರ್ದೇಶಕ ಅನ್ವರ್ ವಜ್ದಿಯನ್ನು ಮದುವೆಯಾಗಿ ಮುಂದೆ ಇಸ್ಲಾಮ್ ಸ್ವೀಕರಿಸಿದರು. 1952ರ ಕ್ರಾಂತಿಯ ಬೆನ್ನಲ್ಲೇ, ಆಕೆ ಇಸ್ರೇಲಿಗೆ ಹಣ ಕೊಟ್ಟಿದ್ದಾರೆಂಬ ಗಾಳಿಸುದ್ದಿ ಹಬ್ಬಿತು. ಸಿರಿಯಾ ಆಕೆಯ ಹಾಡು, ಚಿತ್ರಗಳನ್ನು ನಿಷೇಧಿಸಿತು. ಈಜಿಪ್ಟ್ ಸರ್ಕಾರ ವಿಚಾರಣೆ ಮಾಡಿ ಆರೋಪ ಸುಳ್ಳೆಂದಿತು. ಹೊಸ ಆಡಳಿತದ ಪರವಾಗಿ ದೇಶಭಕ್ತಿಯ ಹಾಡು ಹಾಡಿದರೂ, 1955ರ ನಂತರ ಆಕೆ ತೆರೆಗೆ ಮರಳಲಿಲ್ಲ. ಮೂವತ್ತೇಳಕ್ಕೆ ನಿಂತುಹೋದ ಆ ಚಿತ್ರಜೀವನದ ಬಗ್ಗೆ ಬರೆಯುವಾಗ ವಿಷಾದವಾಗದಿರದು. ತಮ್ಮ ಮುನೀರ್ ಮುರಾದ್ ಮಾತ್ರ ಗಾಯಕ ಅಬ್ದುಲ್ ಹಲೀಮ್ ಹಾಫಿಜ್, ಗಾಯಕಿ ಶಾದಿಯಾ ಅವರಿಗೆ ಲವಲವಿಕೆಯ ಹಾಡುಗಳನ್ನು ಕಟ್ಟಿಕೊಡುತ್ತ 1981ರವರೆಗೂ ಕೈರೋದಲ್ಲೇ ಬದುಕಿದರು.

ಮಗ್ರಿಬ್

ಟ್ಯುನೀಶಿಯಾ, ಅಲ್ಜೀರಿಯಾ, ಮೊರಾಕ್ಕೊಗಳಲ್ಲಿ ಸ್ಪೇನಿನಿಂದ ಬಂದ ಆಂದಲೂಸಿ ಪರಂಪರೆ ಬೇರೆ ಬೇರೆ ಹೆಸರುಗಳಲ್ಲಿ ಬೆಳೆಯಿತು: ಕಾನ್‌ಸ್ಟಂಟೈನ್ ಮತ್ತು ಟ್ಯುನಿಸ್‌ನಲ್ಲಿ ಮಾಲೂಫ್, ಅಲ್ಜೀರ್ಸ್‌ನಲ್ಲಿ ಸನಾ, ಮೊರಾಕ್ಕೊದಲ್ಲಿ ಆಲಾ. ಎಲ್ಲಕ್ಕೂ ಆಧಾರ ‘ನೌಬಾ’ ಎಂಬ ದೀರ್ಘ ಗೀತಮಾಲೆ.

ಅಲ್ಜೀರ್ಸ್‌ನ ಹಳೆಯ ಪೇಟೆಯಲ್ಲಿ ಪುಟ್ಟ ಹೋಟೆಲು ಇಟ್ಟುಕೊಂಡಿದ್ದವನ ಮಗ ಎದ್ಮೊಂ ಯಾಫಿಲ್ (1874–1928). ಮುಸ್ಲಿಮ್ ಗುರು ಮುಹಮ್ಮದ್ ಸ್ಫಿಂಜಾರ ಬಳಿ ಕಲಿತು, ಬಾಯಿಂದ ಬಾಯಿಗೆ ಬಂದ ನೌಬಾ ಸಾಹಿತ್ಯವನ್ನು ಒಟ್ಟುಮಾಡಿ 1904ರಲ್ಲಿ ಅಚ್ಚು ಹಾಕಿಸಿದ. ಪುಸ್ತಕ ಕೈಗೆ ಬಂದದ್ದೇ ತಡ, ಗುಟ್ಟಾಗಿ ಕಾಯ್ದಿಟ್ಟ ವಿದ್ಯೆಯನ್ನು ಬೀದಿಗೆ ತಂದನೆಂದು ಗೊಣಗಿದವರೂ ಇದ್ದರು. ಅವನು ಕಟ್ಟಿದ ‘ಅಲ್-ಮುತ್ರಿಬಿಯಾ’ ಸಂಗೀತ ಸಂಘದಲ್ಲಿ ಮೊದಲು ಯಹೂದಿಗಳೇ ಹೆಚ್ಚು. ಅವನ ನಂತರ ಅದನ್ನು ಮುನ್ನಡೆಸಿದವರು ಮುಸ್ಲಿಮ್ ಗಾಯಕ ಮಹಿಯುದ್ದೀನ್ ಬಾಶ್ತರ್ಜಿ.

ಗ್ರಾಮಫೋನ್ ಪ್ಲೇಟುಗಳ ಕಾಲ ಬಂದಾಗ ಯಹೂದಿ ಕಂಠಗಳು ಮನೆಮನೆಗೆ ಮುಟ್ಟಿದವು. ಟ್ಯುನಿಸ್‌ನ ಹಬೀಬಾ ಮೆಸಿಕಾ ಹಾಡಿಗೂ ನಾಟಕಕ್ಕೂ ಸಮಾನವಾಗಿ ಹೆಸರಾದವರು. ಮೋಹಿತನಾಗಿದ್ದ ಶ್ರೀಮಂತನೊಬ್ಬ 1930ರ ಫೆಬ್ರವರಿಯಲ್ಲಿ ಬೆಂಕಿ ಹಚ್ಚಿ ಆಕೆಯನ್ನು ಕೊಂದ. ಅದೇ ಊರಿನ ಶೇಖ್ ಅಲ್-ಅಫ್ರೀತ್ (1897–1939) ವಿರಹಗೀತೆಗಳ ದೊರೆ. ಓರಾನ್‌ನ ಸಊದ್ ಮೆದಿಯೋನಿ ಅಂಧ ಹುಡುಗಿಯೊಬ್ಬಳಿಗೆ ಊದ್ ಕಲಿಸಿ, ರಾನೆತ್ ಎಂದು ಹೆಸರಿಟ್ಟು ಗಾಯಕಿಯನ್ನಾಗಿ ಮಾಡಿದರು. ಫ್ರಾನ್ಸಿಗೆ ಹೋಗಿ ನೆಲೆಸಿದ್ದ ಆ ಗುರುವನ್ನು ನಾಜಿಗಳು 1943ರಲ್ಲಿ ಸೋಬಿಬೋರ್ ಶಿಬಿರಕ್ಕೆ ಸಾಗಿಸಿ ಕೊಂದರು. ಶಿಷ್ಯೆ 1998ರವರೆಗೂ ಅವರ ಹಾಡುಗಳನ್ನು ಹಾಡಿದರು. ಅದೇ ಯುದ್ಧಕಾಲದಲ್ಲಿ, ಅಲ್ಜೀರಿಯಾ ಮೂಲದ ಗಾಯಕ ಸಲೀಮ್ ಹಲಾಲಿಗೆ (1920–2005) ಪ್ಯಾರಿಸ್‌ನ ಮಸೀದಿ ಆಸರೆಯಾಯಿತು. ಅವರನ್ನು ಮುಸ್ಲಿಮನೆಂದು ನಂಬಿಸಲು ಮಸೀದಿಯ ಮುಖ್ಯಸ್ಥರು ದಾಖಲೆ ಮಾಡಿಕೊಟ್ಟರು ಎಂಬುದು ಪ್ರಚಲಿತ ವೃತ್ತಾಂತ.

ಕಾನ್‌ಸ್ಟಂಟೈನ್‌ನ ರೇಮಂ ಲೇರಿಸ್ (1912–1961) ಅವರನ್ನು ಊರಿನ ಮುಸ್ಲಿಮರೂ ಗೌರವದಿಂದ ‘ಶೇಖ್ ರೇಮಂ’ ಎನ್ನುತ್ತಿದ್ದರು. ಯಹೂದಿ ತಂದೆ, ಕ್ರೈಸ್ತ ತಾಯಿ. ಸಾಕಿದ್ದು ಬಡ ಯಹೂದಿ ಕುಟುಂಬ. ಮಾಲೂಫ್ ಕಲಿಸಿದ್ದು ಅಬ್ದುಲ್ ಕರೀಮ್ ಬೆಸ್ತಾಂಜಿಯಂಥ ಮುಸ್ಲಿಮ್ ಗುರುಗಳು. ಆ ಊರಿನ ಎಲ್ಲ ಎಳೆಗಳೂ ಒಬ್ಬನೇ ಮನುಷ್ಯನಲ್ಲಿ ಹೆಣೆದುಕೊಂಡಿದ್ದವು. ಅವರ ಮೇಳದಲ್ಲಿ ಸಿಲ್ವೆಂ ಗ್ರೆನಾಸಿಯಾ ಪಿಟೀಲು, ಅವರ ಮಗ ಗಾಸ್ತೊಂ ಗಿಟಾರ್. 1961ರ ಜೂನ್ 22ರಂದು, ಅಲ್ಜೀರಿಯಾದ ಸ್ವಾತಂತ್ರ್ಯ ಯುದ್ಧದ ಕೊನೆಯ ವರ್ಷದಲ್ಲಿ, ಮಾರುಕಟ್ಟೆಯಲ್ಲಿ ಹಾಡಹಗಲೇ ರೇಮಂ ಗುಂಡೇಟಿಗೆ ಬಲಿಯಾದರು. ಇನ್ನು ಇಲ್ಲಿ ಜಾಗವಿಲ್ಲ ಎಂಬುದಕ್ಕೆ ಊರಿನ ಯಹೂದಿಗಳಿಗೆ ಬೇರೆ ಗುರುತು ಬೇಕಿರಲಿಲ್ಲ. ರೇಮಂ ಅವರ ಅಳಿಯ ಗಾಸ್ತೊಂ ಫ್ರಾನ್ಸಿಗೆ ಹೋಗಿ, ಎನ್ರಿಕೊ ಮಾಸಿಯಾಸ್ ಎಂಬ ಹೆಸರಿನಲ್ಲಿ ಪ್ರಸಿದ್ಧನಾದ. 1999ರಲ್ಲಿ ಅವನು ಫ್ರಾನ್ಸಿನಲ್ಲಿ ಮಾವನ ನೆನಪಿಗೆ ಮಾಲೂಫ್ ಕಛೇರಿ ನಡೆಸಿದಾಗ ಜೊತೆಗಿದ್ದವರು ತೌಫೀಕ್ ಬೆಸ್ತಾಂಜಿ, ರೇಮಂ ಅವರ ಗುರುವಿನ ಮೊಮ್ಮಗ. ಮುಂದಿನ ವರ್ಷ ಅಲ್ಜೀರಿಯಾಕ್ಕೆ ಹೋಗಬೇಕೆಂದಿದ್ದ ಪ್ರವಾಸ ಮಾತ್ರ ವಿರೋಧದಿಂದಾಗಿ ರದ್ದಾಯಿತು.

ಮೊರಾಕ್ಕೊದಲ್ಲಿ ಬಿರುಕು ಅಷ್ಟು ಕ್ರೂರವಾಗಿರಲಿಲ್ಲ. ಸಾಫಿ ಊರಿನ ಸಾಮಿ ಅಲ್-ಮಗ್ರಿಬಿ (1922–2008) 1955ರಲ್ಲಿ ಗಡಿಪಾರಿನಿಂದ ಮರಳಿದ ಸುಲ್ತಾನ್ ಐದನೆಯ ಮುಹಮ್ಮದ್‌ನನ್ನು ಸ್ವಾಗತಿಸಿ ಹಾಡಿದ ಹಾಡು ದೇಶದ ಸಂಭ್ರಮದ ದನಿಯಾಯಿತು. ಮುಂದೆ ಅವರು ಮಾಂಟ್ರಿಯಲ್‌ನ ಸಿನಗಾಗಿನಲ್ಲಿ ಪ್ರಾರ್ಥನಾ ಗಾಯಕರಾದರು. ‘ಮಲ್‌ಹೂನ್’ ಗಾಯನದಲ್ಲಿ ಹೆಸರಾಗಿದ್ದ ಜೊಹ್ರಾ ಅಲ್-ಫಾಸಿಯಾ 1962ರಲ್ಲಿ ಇಸ್ರೇಲಿಗೆ ಹೋದರು. ಅರಮನೆಯಲ್ಲಿ ಹಾಡಿದ್ದ ಆಕೆಗೆ ಅಲ್ಲಿ ಸಿಕ್ಕಿದ್ದು ಅಷ್ಕೆಲೋನ್‌ನ ಬಡವರ ವಸತಿಯ ಒಂದು ಮನೆ. ಆಕೆಯ ಬಗ್ಗೆ ಕವಿ ಎರೆಜ್ ಬಿಟೋನ್ ಬರೆದ ಕವಿತೆಯನ್ನು ಇಸ್ರೇಲಿನಲ್ಲಿ ಬಹಳ ಜನ ಬಲ್ಲರು.

ಸಿನಗಾಗಿನ ಒಳಗೆ

ಜಗಲಿಯ ಹಾಡು ದೇವರ ಮನೆಗೆ ಬಂದದ್ದು ಈ ಪರಂಪರೆಯ ಇನ್ನೊಂದು ಮುಖ. 16ನೆಯ ಶತಮಾನದ ಕವಿ ಇಸ್ರೇಲ್ ನಜಾರಾ ಅರಬ್ಬಿ, ತುರ್ಕಿ ಮಟ್ಟುಗಳಿಗೆ ಹೀಬ್ರೂ ಭಕ್ತಿಗೀತೆ ಬರೆದ. ಅಲೆಪ್ಪೊದಲ್ಲಿ ಇದು ಶಾಸ್ತ್ರವಾಗಿಯೇ ಬೆಳೆಯಿತು. ಚಳಿಗಾಲದ ಶನಿವಾರಗಳಂದು ಬೆಳಗು ಹರಿಯುವ ಮುಂಚೆ ಜನ ಕೂಡಿ ‘ಬಕ್ಕಾಶೋತ್’ ಎಂಬ ಬೇಡಿಕೆಯ ಪದಗಳನ್ನು ಹಾಡುತ್ತಿದ್ದರು. ಆ ವಾರ ಓದುವ ಧರ್ಮಗ್ರಂಥದ ಭಾಗಕ್ಕೆ ತಕ್ಕಂತೆ ಅಂದಿನ ಪ್ರಾರ್ಥನೆಯ ಮಕಾಮ್ ನಿಗದಿಯಾಗುತ್ತದೆ: ದುಃಖದ ಪ್ರಸಂಗವಿದ್ದರೆ ಹಿಜಾಜ್, ಸಂತಸಕ್ಕೆ ಅಜಮ್, ಸುನ್ನತಿಯ ಪ್ರಸಂಗಕ್ಕೆ ಸಬಾ. ಅಲೆಪ್ಪೊದ ಅಂಧ ಗುರು ರಫಾಯೆಲ್ ತಬ್ಬೂಶ್ ಬೀದಿಯಲ್ಲಿ ಕಿವಿಗೆ ಬಿದ್ದ ಅರಬ್ಬಿ ಹಾಡಿಗೆ ಮನೆ ಸೇರುವಷ್ಟರಲ್ಲಿ ಹೀಬ್ರೂ ಸಾಹಿತ್ಯ ಜೋಡಿಸುತ್ತಿದ್ದರಂತೆ. ಅವರ ಶಿಷ್ಯರು ಈ ಪದ್ಧತಿಯನ್ನು ನ್ಯೂಯಾರ್ಕ್‌ಗೆ ಒಯ್ದರು. ಬ್ರೂಕ್ಲಿನ್‌ನ ಸಿರಿಯನ್ ಸಿನಗಾಗುಗಳಲ್ಲಿ ಇಂದಿಗೂ ಉಮ್ಮ್ ಕುಲ್ಸೂಮ್, ಅಬ್ದುಲ್ ವಹಾಬ್ ಮಟ್ಟುಗಳಲ್ಲಿ ದೇವರ ಸ್ತುತಿ ಕೇಳುತ್ತದೆ. ಒಂದು ಸಾಲು ಹೀಬ್ರೂ, ಮುಂದಿನ ಸಾಲು ಅರಬ್ಬಿಯಾಗಿ ಹೆಣೆದ ಮೊರಾಕ್ಕೊದ ಹಾಡುಗಳಿಗೆ ‘ಮತ್ರೂಜ್’ ಎಂದು ಹೆಸರು. ಕಸೂತಿ ಹಾಕಿದ್ದು ಎಂದು ಅದರ ಅರ್ಥ.

ವಲಸೆಯ ನಂತರ

ಇಸ್ರೇಲಿಗೆ ಬಂದ ಕಲಾವಿದರಿಗೆ ಅಲ್ಲಿ ತಮ್ಮ ಸಂಗೀತ ‘ಶತ್ರುವಿನ ಭಾಷೆ’ಯಾಗಿ ಕಂಡದ್ದು ಹೊಸ ಆಘಾತ. ಸರ್ಕಾರಿ ರೇಡಿಯೊದ ಅರಬ್ಬಿ ವಿಭಾಗವೊಂದೇ ಅವರಿಗಿದ್ದ ಅಂಗಳ. ಕೈರೋದಿಂದ ಬಂದ ಪಿಟೀಲು ವಾದಕ ಜೂಜೂ ಮೂಸಾ ಮುನ್ನಡೆಸಿದ ಆ ಮೇಳದಲ್ಲಿ ಅಂಧ ಕಾನೂನ್ ವಾದಕ ಅಬ್ರಹಾಂ ಸಲ್ಮಾನ್ ಅವರಂಥ ಅಪ್ರತಿಮರಿದ್ದರು. ಗಡಿಯಾಚೆಯ ಅರಬ್ ಕೇಳುಗರಿಗೂ ಅದು ತಲುಪುತ್ತಿತ್ತು. ಆದರೆ ಅದು ಹೊಟ್ಟೆಪಾಡಿಗೆ ಸಾಲಲಿಲ್ಲ. ಅರಬ್ ಜಗತ್ತಿನ ಘಟಾನುಘಟಿಗಳೆಲ್ಲ ಮೆಚ್ಚಿದ್ದ ಕುವೈತಿ ಸೋದರರು ಟೆಲ್ ಅವೀವ್‌ನ ಹತಿಕ್ವಾ ಬಡಾವಣೆಯಲ್ಲಿ ಪಾತ್ರೆಪಗಡಿ ಅಂಗಡಿ ನಡೆಸಿದರು. ಮಕ್ಕಳು ಸಂಗೀತದ ಗೊಡವೆಗೆ ಹೋಗಕೂಡದೆಂದರು. ಇತ್ತ ಇರಾಕ್‌ನಲ್ಲಿ ಬಾತ್ ಪಕ್ಷದ ಆಡಳಿತ ಅವರ ಹೆಸರು ಅಳಿಸಿತು. ಹಾಡುಗಳು ರೇಡಿಯೊದಲ್ಲಿ ಬರುತ್ತಲೇ ಇದ್ದವು, ‘ಜನಪ್ರಿಯ ಪರಂಪರೆ’ ಎಂಬ ಹಣೆಪಟ್ಟಿಯಡಿ. ಕರ್ತೃ ಬದುಕಿರುವಾಗಲೇ ಅವನ ಹಾಡು ಜನಪದವಾಗಿಬಿಟ್ಟಿತು. ಒಂದೆಡೆ ಹಾಡು ಬೇಕಿತ್ತು, ಹಾಡಿದವನು ಬೇಡವಾಗಿದ್ದ. ಇನ್ನೊಂದೆಡೆ ಮನುಷ್ಯ ಬೇಕಿದ್ದ, ಅವನ ಹಾಡು ಬೇಡವಾಗಿತ್ತು.

ಮೊಮ್ಮಕ್ಕಳ ಕಾಲಕ್ಕೆ ಗಾಳಿ ತುಸು ತಿರುಗಿತು. ದಾವೂದ್ ಅವರ ಮೊಮ್ಮಗ, ರಾಕ್ ಸಂಗೀತಗಾರ ದುದು ತಸ್ಸಾ 2011ರಲ್ಲಿ ಅಜ್ಜನ ಹಾಡುಗಳನ್ನು ಹೊಸ ವಾದ್ಯಗಳೊಂದಿಗೆ ಅರಬ್ಬಿಯಲ್ಲೇ ಹೊರತಂದರು. 2023ರಲ್ಲಿ ಬ್ರಿಟನ್ನಿನ ಸಂಗೀತಗಾರ ಜಾನಿ ಗ್ರೀನ್‌ವುಡ್ ಜೊತೆ ಮಾಡಿದ ‘ಜರಕ್ ಕರೀಬಕ್’ ಧ್ವನಿಸುರುಳಿಯಲ್ಲಿ ಹಲವು ಅರಬ್ ನಾಡುಗಳ ಗಾಯಕರು ಪರಸ್ಪರರ ನಾಡಿನ ಹಾಡುಗಳನ್ನು ಹಾಡಿದ್ದಾರೆ. ಮೊರಾಕ್ಕೊದ ಎಸ್ಸೌಯಿರಾದಲ್ಲಿ ಯಹೂದಿ ಮತ್ತು ಮುಸ್ಲಿಮ್ ಗಾಯಕರು ಒಂದೇ ವೇದಿಕೆ ಹಂಚಿಕೊಳ್ಳುವ ಆಂದಲೂಸಿ ಉತ್ಸವ ನಡೆಯುತ್ತಿದೆ.

ಅಲ್ಜೀರ್ಸ್‌ನ ಕಸ್ಬಾದಲ್ಲಿ ಎಲ್ ಅಂಕಾ ಎಂಬ ಗುರುವಿನ ಬಳಿ 1950ರ ದಶಕದಲ್ಲಿ ಒಟ್ಟಿಗೆ ‘ಶಾಬಿ’ ಎಂಬ ಜನಪ್ರಿಯ ಹಾಡುಗಾರಿಕೆ ಕಲಿತ ಯಹೂದಿ, ಮುಸ್ಲಿಮ್ ಶಿಷ್ಯರನ್ನು ಸಫಿನೆಜ್ ಬೂಸ್ಬಿಯಾ ಎಂಬ ಯುವತಿ ಹುಡುಕಿ, 2007ರಲ್ಲಿ ಮಾರ್ಸೇಯಲ್ಲಿ ಒಂದುಗೂಡಿಸಿದಳು. ‘ಎಲ್ ಗುಸ್ತೊ’ ಎಂಬ ಆ ಮೇಳದಲ್ಲಿ ಪಿಯಾನೋದ ಮುಂದೆ ಕೂತವರಲ್ಲಿ ಮೊರೀಸ್ ಅಲ್-ಮೆದಿಯೋನಿ ಒಬ್ಬರು, ಸೋಬಿಬೋರ್‌ನಲ್ಲಿ ಮಡಿದ ಸಊದ್‌ರ ಸೋದರನ ಮಗ. 1942ರಲ್ಲಿ ಓರಾನ್‌ಗೆ ಬಂದಿಳಿದ ಅಮೆರಿಕನ್ ಸೈನಿಕರಿಂದ ಬೂಗಿ-ವೂಗಿ ಎಂಬ ಪಿಯಾನೋ ಶೈಲಿ ಕಲಿತು, ಅದನ್ನು ಅರಬ್ಬಿ ಹಾಡಿನ ಜೊತೆ ಬೆಸೆದವರು. ಫ್ರಾನ್ಸಿನಲ್ಲಿ ಹೊಟ್ಟೆಪಾಡಿಗೆ ದರ್ಜಿಯಾಗಿ ದುಡಿದವರು. 95 ವರ್ಷ ಬಾಳಿ, 2024ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು.